ಶಿರಸಿಯ ಪಿನ್‌ಕೋಡ್ ಒಳಗೆ ಎರಡೇ ತುಂಡು

ಹೋದ ಬೇಸಿಗೆಯಲ್ಲಿ ಶಿರಸಿಯ ತಂಗಿ ಮನೆಗೆ ಹೋಗಿದ್ದೆ. ಅವಳ ಮಗಳು ಜಗಲಿಯಲ್ಲಿ ಕೂತು ಪಾರ್ಸೆಲ್ ಡಬ್ಬಿಯ ಮೇಲೆ ವಿಳಾಸ ಬರೆಯುತ್ತಿದ್ದಳು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ, ಕಾರವಾರದಲ್ಲಿರುವ ದೊಡ್ಡಮ್ಮನಿಗೆ. ಕೆಳಗೆ ಶಿರಸಿಯ 581401, ಮೇಲೆ ಕಾರವಾರದ 581301. ಒಂದು ಅಂಕಿ ಮಾತ್ರ ಬೇರೆ. ಅವಳು ಎಂಟನೇ ಕ್ಲಾಸು. ಪೆನ್ನು ಬಾಯಲ್ಲಿಟ್ಟುಕೊಂಡು ಕೇಳಿದಳು, "ಮಾವಾ, ನೀನು ಯಾವಾಗ್ಲೂ ನಂಬರ್ ಒಡೀತಾ ಇರ್ತೆ, ಇದ್ರೊಳಗೆ ಎಂತಾ ಇದ್ದು?"

ನಾನು ಕುಮಟಾದಲ್ಲಿ ಗಣಿತ ಕಲಿಸುವವನು. ಸಂಖ್ಯೆ ಕಂಡರೆ ಒಡೆದು ನೋಡುವುದು ಹಳೇ ಅಭ್ಯಾಸ, ಬಸ್ ಟಿಕೆಟ್ ಆಗಲಿ, ಲಾರಿಯ ನಂಬರ್ ಆಗಲಿ. ಆದರೆ ದಿನಾ ಬರೆಯುವ ಪಿನ್‌ಕೋಡನ್ನೇ ಯಾವತ್ತೂ ಒಡೆದು ನೋಡಿರಲಿಲ್ಲ. ಅವತ್ತು ಸಂಜೆ ದೇವಿಮನೆ ಘಟ್ಟ ಇಳಿಯುವ ಬಸ್ಸಲ್ಲಿ ಶುರು ಮಾಡಿದೆ. ಆಮೇಲೆ ಕಂಡದ್ದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು. ಗಣಿತ ಅಂದರೆ ದೂರ ಹೋಗುವವರೂ ಇದನ್ನು ಓದಬಹುದು. ಕೂಡುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಮೊದಲು ಪಿನ್‌ಕೋಡ್ ಬಗ್ಗೆ ಎರಡು ಮಾತು. ಇದು ಬಂದದ್ದು 1972ರ ಆಗಸ್ಟ್ 15ಕ್ಕೆ. ಇದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಊರುಗಳು ದೇಶದಲ್ಲಿ ಹತ್ತಾರು ಇರುತ್ತವೆ, ಭಾಷೆಗಳೂ ಹಲವು, ಹಾಗಾಗಿ ಕಾಗದ ದಾರಿ ತಪ್ಪಬಾರದು ಅಂತ ಆರು ಅಂಕಿ ಇಟ್ಟರು. ಮೊದಲಿನ 5 ದಕ್ಷಿಣದ ಒಂದು ವಲಯ, ಅದರಲ್ಲಿ ಕರ್ನಾಟಕವೂ ಆಂಧ್ರ, ತೆಲಂಗಾಣಗಳೂ ಬರುತ್ತವೆ. ಮೊದಲ ಮೂರು ಅಂಕಿ ಸೇರಿ ಟಪಾಲು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ಅಷ್ಟೇ. ಶಿರಸಿಗೆ ಈ ಸಂಖ್ಯೆ ಕೊಟ್ಟವರು ಅದರ ಗಣಿತ ನೋಡಿ ಕೊಟ್ಟದ್ದಲ್ಲ. ಆದರೆ ಸಂಖ್ಯೆಗೆ ತನ್ನದೇ ಒಂದು ಒಳಗು ಇರುತ್ತದೆ, ಯಾರು ಯಾಕೆ ಇಟ್ಟರು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಳಗು ಅಂದರೆ ಏನು? ಅಂಗಳದಲ್ಲಿ ಚಾಲಿ ಅಡಿಕೆ ಹರವಿದ್ದೀರಿ ಅಂತ ಇಟ್ಟುಕೊಳ್ಳಿ. ಹನ್ನೆರಡು ಅಡಿಕೆ ಇದ್ದರೆ ಮೂರು ಸಾಲು, ಸಾಲಿಗೆ ನಾಲ್ಕರಂತೆ ಇಡಬಹುದು. ಎರಡು ಸಾಲು ಮಾಡಿ ಸಾಲಿಗೆ ಆರೂ ಇಡಬಹುದು. ಹದಿಮೂರು ಅಡಿಕೆ ಇದ್ದರೆ? ಒಂದೇ ಉದ್ದ ಸಾಲು, ಬೇರೆ ದಾರಿಯೇ ಇಲ್ಲ. ಹೀಗೆ ಒಂದೇ ಸಾಲಾಗಿ ಮಾತ್ರ ಕೂರುವ ಸಂಖ್ಯೆಗಳೇ ಅವಿಭಾಜ್ಯ ಸಂಖ್ಯೆಗಳು: 2, 3, 5, 7, 11, 13, ಹೀಗೆ ಮುಗಿಯದೇ ಹೋಗುತ್ತವೆ. 1ನ್ನು ಬಿಟ್ಟು ಉಳಿದ ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 12 ಅಂದರೆ 2 × 2 × 3. ಯಾರು ಒಡೆದರೂ, ಯಾವ ಕಡೆಯಿಂದ ಒಡೆದರೂ ಕೊನೆಗೆ ಕೈಗೆ ಸಿಗುವ ತುಂಡುಗಳು ಅವೇ. ನನಗಂತೂ ಇದು ಇವತ್ತಿಗೂ ಬೆರಗು.

ಕಾರವಾರದಿಂದ ಶುರು ಮಾಡೋಣ. 581301. ಅಂಕಿಗಳನ್ನು ಕೂಡಿ: 5, 8, 1, 3, 0, 1 ಸೇರಿ 18. ಅಂಕಿಗಳ ಮೊತ್ತ 9ರಿಂದ ಭಾಗ ಹೋದರೆ ಇಡೀ ಸಂಖ್ಯೆಯೂ ಭಾಗ ಹೋಗುತ್ತದೆ ಅಂತ ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು. ಅದು ಯಾಕೆ ಹಾಗೆ ಅಂತ ಮಾತ್ರ ಬಹಳ ಕಡೆ ಹೇಳುವುದಿಲ್ಲ. 10 ಅಂದರೆ 9 ಮತ್ತು 1. 100 ಅಂದರೆ 99 ಮತ್ತು 1. ಒಂದು ಲಕ್ಷ ಅಂದರೆ 99999 ಮತ್ತು 1. ಅಂದರೆ ಐದು ಲಕ್ಷವನ್ನು 9ರಿಂದ ಭಾಗಿಸಿದರೆ 5 ಉಳಿಯುತ್ತದೆ, ಎಂಬತ್ತು ಸಾವಿರಕ್ಕೆ 8 ಉಳಿಯುತ್ತದೆ, ಮುನ್ನೂರಕ್ಕೆ 3. ಪ್ರತಿ ಅಂಕಿಯೂ ತನ್ನನ್ನೇ ಶೇಷವಾಗಿ ಬಿಟ್ಟು ಹೋಗುತ್ತದೆ. ಅದಕ್ಕೇ ಅಂಕಿಗಳನ್ನು ಕೂಡಿದರೆ ಸಾಕು.

581301ನ್ನು 9ರಿಂದ ಭಾಗಿಸಿದರೆ 64589. ಅದನ್ನು 7ರಿಂದ ಭಾಗಿಸಿದರೆ 9227. ಮುಂದೆ 9227 ಒಡೆಯುತ್ತದಾ ನೋಡಬೇಕು. ಎಲ್ಲಿವರೆಗೆ ನೋಡಬೇಕು? 9227 ಎರಡು ತುಂಡಾಗುವುದಾದರೆ ಎರಡೂ ತುಂಡು 97 ಅಥವಾ ಅದಕ್ಕಿಂತ ದೊಡ್ಡದು ಆಗಿರಲು ಸಾಧ್ಯವಿಲ್ಲ, ಯಾಕೆಂದರೆ 97 × 97 ಅಂದರೆ 9409, ಅದು ಆಗಲೇ ದಾಟಿಹೋಯಿತು. ಸಣ್ಣ ತುಂಡು 96ರ ಒಳಗೇ ಇರಬೇಕು. ಹಾಗಾಗಿ 89ರವರೆಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ಮುಗಿಯಿತು. ಯಾವುದೂ ಹೋಗಲಿಲ್ಲ. 9227 ಅವಿಭಾಜ್ಯ. ಕಾರವಾರ ಅಂದರೆ 3 × 3 × 7 × 9227. ಮೂರು ಸಣ್ಣ ಕಲ್ಲು, ಒಂದು ದೊಡ್ಡ ಬಂಡೆ.

ಇದು ವರ್ಗಮೂಲದ ನಿಯಮ. ಯಾವ ಸಂಖ್ಯೆ ಒಡೆಯಬೇಕಾದರೂ ಅದರ ವರ್ಗಮೂಲದವರೆಗೆ ಹುಡುಕಿದರೆ ಸಾಕು, ಆಚೆ ಹೋಗಬೇಕಾಗಿಲ್ಲ. ಮುಂದೆ ಇದು ಬೇಕಾಗುತ್ತದೆ.

ನನ್ನ ಊರು ಕುಮಟಾ, 581343. ಇದನ್ನು ಒಡೆದಾಗ ಬಸ್ಸಲ್ಲೇ ನಕ್ಕುಬಿಟ್ಟೆ. ಮೊತ್ತ 24, ಹಾಗಾಗಿ 3 ಹೋಯಿತು. 7 ಹೋಯಿತು. 19 ಹೋಯಿತು. 1457 ಉಳಿಯಿತು, ಅದು 31 × 47. ಅಂದರೆ 3 × 7 × 19 × 31 × 47. ಐದು ಬೇರೆ ಬೇರೆ ಅವಿಭಾಜ್ಯಗಳು, ಒಂದೂ ಐವತ್ತು ದಾಟಿಲ್ಲ! ಆರು ಅಂಕಿಯ ಸಂಖ್ಯೆ ಇಷ್ಟು ಸಣ್ಣ ಸಣ್ಣ ತುಂಡುಗಳಾಗಿ ಪುಡಿಯಾಗುವುದು ದಿನಾ ಸಿಗುವುದಲ್ಲ. ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳಬಹುದು ಇಲ್ಲವೇ ಬಿಡಬಹುದು, ಹಾಗಾಗಿ ಎರಡನ್ನು ಐದು ಸಲ ಗುಣಿಸಿದರೆ 32. ಕುಮಟಾದ ಸಂಖ್ಯೆಗೆ 32 ಭಾಜಕಗಳು, ಅಂದರೆ ಶೇಷ ಉಳಿಯದೆ ಅದನ್ನು ಭಾಗಿಸುವ ಸಂಖ್ಯೆಗಳು. ಕಾರವಾರದಲ್ಲಿ 3 ಎರಡು ಸಲ ಇರುವುದರಿಂದ ಲೆಕ್ಕ ಸ್ವಲ್ಪ ಬೇರೆ, ಅದಕ್ಕೆ 12.

ಹೊನ್ನಾವರ 581334 ಕೂಡ ಹೀಗೇ ಐದು ತುಂಡು: 2 × 3 × 13 × 29 × 257. ಹೊನ್ನಾವರದ್ದು ಇನ್ನೊಂದು ವಿಶೇಷ. ಅದರ ಭಾಜಕಗಳನ್ನೆಲ್ಲ, ಆ ಸಂಖ್ಯೆಯೊಂದನ್ನು ಬಿಟ್ಟು, ಕೂಡಿದರೆ 718986 ಬರುತ್ತದೆ. ಸಂಖ್ಯೆಗಿಂತ ಅದರ ಭಾಗಗಳ ಮೊತ್ತವೇ ಜಾಸ್ತಿ. ಗ್ರೀಕರ ಕಾಲದಿಂದ ಇಂಥವನ್ನು ಬೇರೆಯಾಗಿ ಎಣಿಸುತ್ತಾ ಬಂದಿದ್ದಾರೆ: ಮೊತ್ತ ಕಡಿಮೆ ಬೀಳುವವು ಒಂದು ಗುಂಪು, ಜಾಸ್ತಿ ಆಗುವವು ಒಂದು ಗುಂಪು, ಸರಿಯಾಗಿ ಅಷ್ಟೇ ಆಗುವ 6, 28, 496, 8128 ಇಂಥ ಅಪರೂಪದವು ಪರಿಪೂರ್ಣ ಸಂಖ್ಯೆಗಳು. ಕುಮಟಾಕ್ಕೆ ಅಷ್ಟು ಭಾಜಕಗಳಿದ್ದರೂ ಮೊತ್ತ 401697 ಮಾತ್ರ, ಕಡಿಮೆ ಬೀಳುತ್ತದೆ. 2 ಇಲ್ಲದಿರುವುದೇ ಅದಕ್ಕೆ ಮುಖ್ಯ ಕಾರಣ.

ಈಗ ಶಿರಸಿ.

581401. ಬೆಸ ಸಂಖ್ಯೆ, 2 ಇಲ್ಲ. ಮೊತ್ತ 19, 3 ಇಲ್ಲ. ಕೊನೆಯಲ್ಲಿ 1, 5 ಇಲ್ಲ. 7ಕ್ಕೆ 2 ಉಳಿಯಿತು, 11ಕ್ಕೆ 7 ಉಳಿಯಿತು, 13ಕ್ಕೆ ಮತ್ತೆ 2. 17ಕ್ಕೆ 1 ಉಳಿಯಿತು, 19ಕ್ಕೂ 1 ಉಳಿಯಿತು. ಇದು ಯಾಕೆ ಅಂತ ಒಂದು ನಿಮಿಷ ನಿಂತೆ. ಒಂದು ಕಡಿಮೆ ಮಾಡಿದರೆ 581400, ಅದು 1800 × 17 × 19. ಶಿರಸಿಯ ಹಿಂದಿನ ಸಂಖ್ಯೆ ಅಷ್ಟೊಂದು ಒಡೆಯುತ್ತದೆ, ಅದಕ್ಕೇ ಶಿರಸಿ 2, 3, 5, 17, 19 ಎಲ್ಲದಕ್ಕೂ ಒಂದೇ ಒಂದು ಅಡಿಕೆ ಉಳಿಸಿಕೊಂಡು ತಪ್ಪಿಸಿಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಸಂಖ್ಯೆಗಳು ಒಂದೇ ತುಂಡನ್ನು ಹಂಚಿಕೊಳ್ಳುವುದು ಸಾಧ್ಯವೇ ಇಲ್ಲ, ಅಲ್ವಾ.

ಬಸ್ಸು ಘಟ್ಟ ಇಳಿದು ಮುಗಿಯುವ ಹೊತ್ತಿಗೆ ನಾನು 47 ದಾಟಿದ್ದೆ. ಮನೆಗೆ ಬಂದು ಕಾಗದದ ಮೇಲೆ ಮುಂದುವರಿಸಿದೆ. ನೂರರೊಳಗಿನ 25 ಅವಿಭಾಜ್ಯಗಳೂ ಸೋತವು. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೆ ಒಂದು ಅವಿಭಾಜ್ಯ ಇರುತ್ತದೆ. ಆದರೆ ನೂರರವರೆಗೆ ಯಾವುದೂ ಹೋಗದೆ ಉಳಿದ ಸಂಖ್ಯೆ ಅವಿಭಾಜ್ಯ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಶಿರಸಿ ಅವಿಭಾಜ್ಯವೇ ಇರಬೇಕು ಅನ್ನುವ ಆಸೆ ಹುಟ್ಟಿತು. 149ಕ್ಕೆ ಬರೀ 3 ಉಳಿಯಿತು. 191ಕ್ಕೆ ಮೂರೇ ಮೂರು ಕಡಿಮೆ ಬಿತ್ತು. 383ಕ್ಕೆ 7 ಉಳಿಯಿತು. ಹೀಗೆ ಹತ್ತಿರ ಬಂದು ಬಂದು ತಪ್ಪಿಹೋಗುವುದನ್ನು ನೋಡುತ್ತಾ ರಾತ್ರಿ ಊಟದ ಹೊತ್ತಾಯಿತು. 762ರವರೆಗೆ ನೋಡಬೇಕಿತ್ತು, ಅಷ್ಟರಲ್ಲಿ 135 ಅವಿಭಾಜ್ಯಗಳಿವೆ. ಎಂಬತ್ತೆರಡನೇ ಅವಿಭಾಜ್ಯ 421. ಭಾಗಿಸಿದೆ. 1381 ಬಂತು, ಶೇಷ ಸೊನ್ನೆ.

ಶಿರಸಿ ಅಂದರೆ 421 × 1381. 1381 ಕೂಡ ಅವಿಭಾಜ್ಯ. ಎರಡೇ ತುಂಡು. ಭಾಜಕಗಳು ಬರೀ ನಾಲ್ಕು: 1, 421, 1381 ಮತ್ತು ಅದೇ ಸಂಖ್ಯೆ. ಐದು ಲಕ್ಷದ ಎಂಬತ್ತೊಂದು ಸಾವಿರದ ನಾನ್ನೂರ ಒಂದು ಅಡಿಕೆಯನ್ನು ಅಂಗಳದಲ್ಲಿ ಆಯತವಾಗಿ ಹರವಬೇಕು ಅಂದರೆ 421 ಸಾಲು, ಸಾಲಿಗೆ 1381. ಬೇರೆ ಆಕಾರವೇ ಇಲ್ಲ, ಒಂದೇ ಉದ್ದ ಸಾಲನ್ನು ಬಿಟ್ಟರೆ. ಕುಮಟಾದ ಸಂಖ್ಯೆ ಇದಕ್ಕಿಂತ ಬರೀ 58 ಕಡಿಮೆ, ಅದನ್ನೋ ಹದಿನಾರು ಆಕಾರದಲ್ಲಿ ಹರವಬಹುದು.

ಈಗ ಉಲ್ಟಾ ಮಾಡಿ ನೋಡಿ. 421ನ್ನು 1381ರಿಂದ ಗುಣಿಸಿ ಅಂತ ನಮ್ಮ ಹುಡುಗಿಗೆ ಹೇಳಿದರೆ ಒಂದು ನಿಮಿಷದಲ್ಲಿ ಉತ್ತರ ಬರೆಯುತ್ತಾಳೆ. 581401 ಕೊಟ್ಟು ಯಾವ ಎರಡನ್ನು ಗುಣಿಸಿದರೆ ಇದು ಬರುತ್ತದೆ ಅಂತ ಕೇಳಿದರೆ, ನನಗೇ ಒಂದು ಸಂಜೆ ಹಿಡಿಯಿತು. ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. ಸಂಖ್ಯೆ ದೊಡ್ಡದಾಗುತ್ತಾ ಹೋದ ಹಾಗೆ ಈ ಎರಡರ ನಡುವಿನ ಅಂತರ ನಂಬಲಾರದಷ್ಟು ಬೆಳೆಯುತ್ತದೆ. ನಾನು ಹೇಳಬೇಕು ಅಂದುಕೊಂಡದ್ದರ ಜೀವ ಇರುವುದು ಇಲ್ಲಿ.

1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಅಂತರವನ್ನೇ ಬೀಗ ಮಾಡಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಅದಕ್ಕೆ ಆರ್‌ಎಸ್‌ಎ ಅಂತ ಹೆಸರು. ಶಿರಸಿಯ ಪಿನ್‌ಕೋಡನ್ನೇ ಇಟ್ಟುಕೊಂಡು ಒಂದು ಪುಟ್ಟ ಬೀಗ ಮಾಡಿ ತೋರಿಸುತ್ತೇನೆ.

ನಾನು ಎಲ್ಲರಿಗೂ ಎರಡು ಸಂಖ್ಯೆ ಹೇಳುತ್ತೇನೆ: 581401 ಮತ್ತು 11. ಮುಚ್ಚಿಡುವುದು ಏನೂ ಇಲ್ಲ, ಗೋಡೆ ಮೇಲೆ ಬೇಕಾದರೂ ಬರೆಯಬಹುದು. ನೀವು ನನಗೆ 5 ಎಂಬ ಗುಟ್ಟು ಕಳಿಸಬೇಕು ಅಂತಿದ್ದರೆ 5ನ್ನು ಹನ್ನೊಂದು ಸಲ ಬರೆದು ಗುಣಿಸಿ. 48828125 ಬರುತ್ತದೆ. ಅದನ್ನು 581401ರಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ: 571842. ಅದನ್ನು ನನಗೆ ಕಳಿಸಿ. ದಾರಿಯಲ್ಲಿ ಯಾರು ನೋಡಿದರೂ 571842 ಕಾಣುತ್ತದೆ, 5 ಕಾಣುವುದಿಲ್ಲ.

ನನ್ನ ಹತ್ತಿರ ಒಂದು ಗುಟ್ಟಿನ ಕೀಲಿ ಇದೆ: 52691. ಬಂದ ಸಂಖ್ಯೆಯನ್ನು 52691 ಸಲ ಗುಣಿಸಿ 581401ರಿಂದ ಭಾಗಿಸಿದರೆ ಶೇಷವಾಗಿ ಮತ್ತೆ 5 ಬರುತ್ತದೆ. (ಅಷ್ಟು ಸಲ ನಿಜವಾಗಿಯೂ ಗುಣಿಸಬೇಕಿಲ್ಲ. ವರ್ಗ, ವರ್ಗದ ವರ್ಗ ಅಂತ ಹೋಗುತ್ತಾ ಪ್ರತಿ ಹೆಜ್ಜೆಗೂ ಶೇಷ ಮಾತ್ರ ಇಟ್ಟುಕೊಂಡರೆ ಮೂವತ್ತರೊಳಗೇ ಮುಗಿಯುತ್ತದೆ.) ಈ ಕೀಲಿ ಎಲ್ಲಿಂದ ಬಂತು? 421ರಲ್ಲಿ 1 ಕಳೆದು 420, 1381ರಲ್ಲಿ 1 ಕಳೆದು 1380, ಎರಡನ್ನೂ ಗುಣಿಸಿದರೆ 579600. 11ನ್ನು ಯಾವುದರಿಂದ ಗುಣಿಸಿದರೆ 579600ಕ್ಕಿಂತ ಒಂದೇ ಒಂದು ಜಾಸ್ತಿ ಬರುತ್ತದೆ ನೋಡಿದೆ. 11 × 52691 ಅಂದರೆ 579601. ಸಿಕ್ಕಿತು.

ಗಮನಿಸಿ, ಕೀಲಿ ಮಾಡಲು ನನಗೆ 421 ಮತ್ತು 1381 ಬೇರೆ ಬೇರೆಯಾಗಿ ಗೊತ್ತಿರಬೇಕಿತ್ತು. ನಿಮಗೆ ಗೊತ್ತಿರುವುದು ಗುಣಲಬ್ಧ ಮಾತ್ರ. ಬೀಗ ಹಾಕಲು ಅದು ಸಾಕು, ತೆಗೆಯಲು ಸಾಲದು. ಬೀಗ ಎಲ್ಲರಿಗೂ ಹಂಚಿ ಕೀಲಿ ಒಬ್ಬನೇ ಇಟ್ಟುಕೊಳ್ಳುವುದು ಹೀಗೆ ಸಾಧ್ಯವಾಯಿತು. ಅದಕ್ಕೂ ಮುಂಚೆ ಗುಟ್ಟಿನ ಕಾಗದ ಕಳಿಸಬೇಕಾದರೆ ಮೊದಲು ಇಬ್ಬರೂ ಎಲ್ಲಾದರೂ ಸೇರಿ ಕೀಲಿ ಹಂಚಿಕೊಳ್ಳಬೇಕಿತ್ತು. ಮುಖ ನೋಡದವರ ಜೊತೆ ಫೋನಲ್ಲಿ ವ್ಯವಹಾರ ಮಾಡುವ ನಮ್ಮ ಕಾಲಕ್ಕೆ ಅದು ಆಗುತ್ತಿರಲಿಲ್ಲ.

ಶಿರಸಿಯ ಬೀಗ ಆಟದ್ದು, ಯಾರಾದರೂ ಒಂದು ಸಂಜೆ ಕೂತರೆ ಒಡೆಯುತ್ತಾರೆ. ನಿಜವಾದ ಆರ್‌ಎಸ್‌ಎ ಬೀಗದಲ್ಲಿ ಇಂದು ಸಾಮಾನ್ಯವಾಗಿ 617 ಅಂಕಿಯ ಸಂಖ್ಯೆ ಇರುತ್ತದೆ. ಆರು ಅಂಕಿ ಅಲ್ಲ, ಆರುನೂರ ಹದಿನೇಳು ಅಂಕಿ. ಒಳಗೆ ಇರುವುದು ಶಿರಸಿಯ ಹಾಗೇ ಎರಡೇ ತುಂಡು. 1977ರಲ್ಲೇ ಆ ಮೂವರು 129 ಅಂಕಿಯ ಒಂದು ಸಂಖ್ಯೆ ಕೊಟ್ಟು ಒಡೆಯಿರಿ ಅಂತ ಸವಾಲು ಹಾಕಿದ್ದರು. ಅದು ಒಡೆದದ್ದು 1994ರಲ್ಲಿ, ಸುಮಾರು ಆರುನೂರು ಜನ ಇಂಟರ್ನೆಟ್ ಮೂಲಕ ತಮ್ಮ ಕಂಪ್ಯೂಟರ್‌ಗಳನ್ನು ಸೇರಿಸಿ ತಿಂಗಳುಗಟ್ಟಲೆ ದುಡಿದ ಮೇಲೆ. 64 ಅಂಕಿಯದೊಂದು, 65 ಅಂಕಿಯದೊಂದು ತುಂಡು ಸಿಕ್ಕವು. 2020ರ ಫೆಬ್ರವರಿಯಲ್ಲಿ 250 ಅಂಕಿಯದನ್ನು ಒಡೆದರು. ಅದನ್ನು ಕಂಪ್ಯೂಟರಿನ ಒಂದೇ ಕೋರ್ ಮೇಲೆ ಮಾಡಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು. 617 ಅಂಕಿಗೆ ಯಾರೂ ಹತ್ತಿರವೂ ಹೋಗಿಲ್ಲ. ಕ್ವಾಂಟಮ್ ಕಂಪ್ಯೂಟರ್ ದೊಡ್ಡದಾಗಿ ಬಂದರೆ ಇದು ಬದಲಾಗುತ್ತದೆ, ಅದಕ್ಕೆ ಬೇಕಾದ ವಿಧಾನವನ್ನು ಪೀಟರ್ ಶೋರ್ 1994ರಲ್ಲೇ ಕೊಟ್ಟಿದ್ದಾರೆ, ಅದಕ್ಕಾಗಿಯೇ ಈಗ ಬೇರೆ ಬಗೆಯ ಬೀಗಗಳ ಕಡೆಗೂ ಹೋಗುತ್ತಿದ್ದಾರೆ.

ದೊಡ್ಡ ಸಂಖ್ಯೆ ಅಂದ ಮಾತ್ರಕ್ಕೆ ಗಟ್ಟಿ ಬೀಗ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕುಮಟಾ ಮತ್ತು ಶಿರಸಿ ಗಾತ್ರದಲ್ಲಿ ಒಂದೇ, ಆದರೆ ಕುಮಟಾ ಮೊದಲ ಏಟಿಗೇ ಬಿರುಕು ಬಿಡುತ್ತದೆ. ಎರಡು ತುಂಡು ತೀರಾ ಹತ್ತಿರ ಇದ್ದರೂ ಅಪಾಯ. ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು ಕಂಡುಹಿಡಿದ ದಾರಿಯಲ್ಲಿ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಹುಡುಕುತ್ತಾರೆ. ಶಿರಸಿ ಅಂದರೆ 901ರ ವರ್ಗದಲ್ಲಿ 480ರ ವರ್ಗ ಕಳೆದದ್ದು. 901 ಎರಡೂ ತುಂಡುಗಳ ನಡುಮಧ್ಯ, 480 ಅಲ್ಲಿಂದ ಪ್ರತಿ ತುಂಡಿಗೂ ಇರುವ ದೂರ. 763ರಿಂದ ಹುಡುಕುತ್ತಾ ಹೋದರೆ 139ನೇ ಸಲಕ್ಕೆ 901 ಸಿಗುತ್ತದೆ. ತುಂಡುಗಳು ಇನ್ನೂ ಹತ್ತಿರ ಇದ್ದಿದ್ದರೆ ಎರಡು ಮೂರು ಹೆಜ್ಜೆಗೇ ಸಿಕ್ಕಿಬಿಡುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ನಮ್ಮ ಹುಡುಗಿಯೇ ಫೋನಲ್ಲಿ ಕೇಳಿದಳು. ಒಡೆಯದೆ ಇದ್ದರೆ, ಆ ಸಂಖ್ಯೆ ಒಡೆಯುತ್ತದೆ ಅಂತಾದರೂ ಹೇಗೆ ಗೊತ್ತಾಗುತ್ತದೆ? ಬಹಳ ಒಳ್ಳೇ ಪ್ರಶ್ನೆ. ಒಡೆಯುತ್ತದಾ ಇಲ್ಲವಾ ಅಂತ ಹೇಳುವುದು ಒಂದು ಕೆಲಸ, ಒಡೆದು ಕೊಡುವುದು ಇನ್ನೊಂದು ಕೆಲಸ. ಮೊದಲನೆಯದು ಎಷ್ಟೋ ಸುಲಭ.

ಅದೇ ಫರ್ಮಾ 1640ರಲ್ಲಿ ಒಂದು ನಿಯಮ ಹೇಳಿದ್ದರು. ಒಂದು ಅವಿಭಾಜ್ಯ ಸಂಖ್ಯೆ ತೆಗೆದುಕೊಳ್ಳಿ, 7 ಅಂತ ಇಟ್ಟುಕೊಳ್ಳೋಣ. ಅದಕ್ಕಿಂತ ಒಂದು ಕಡಿಮೆ, ಅಂದರೆ ಆರು ಸಲ 2ನ್ನು ಗುಣಿಸಿ: 64. ಅದನ್ನು 7ರಿಂದ ಭಾಗಿಸಿದರೆ 1 ಉಳಿಯುತ್ತದೆ. 2ನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯ ತಂದರೂ ಹೀಗೇ 1 ಉಳಿಯಲೇಬೇಕು. ಹಾಗಾದರೆ 2ನ್ನು 581400 ಸಲ ಗುಣಿಸಿ 581401ರಿಂದ ಭಾಗಿಸಿ. 1 ಉಳಿಯುವುದಿಲ್ಲ. ಅಲ್ಲಿಗೆ ಶಿರಸಿ ಅವಿಭಾಜ್ಯ ಅಲ್ಲ ಅಂತ ಖಾತ್ರಿ. 421 ಅನ್ನುವುದು ಎಲ್ಲೂ ಬರಲೇ ಇಲ್ಲ ನೋಡಿ! ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರಿದೆ ಅಂತ ಹೇಳಿದ ಹಾಗೆ, ಒಡೆಯಬೇಕಾಗಿಯೇ ಇಲ್ಲ. 1 ಉಳಿದರೆ ಮಾತ್ರ ಅವಿಭಾಜ್ಯ ಅಂತ ಹೇಳಿಬಿಡುವ ಹಾಗಿಲ್ಲ, 341 ಎಂಬ ಸಂಖ್ಯೆ 11 × 31 ಆಗಿದ್ದೂ ಈ ಪರೀಕ್ಷೆಯಲ್ಲಿ 1 ಉಳಿಸಿ ಮೋಸ ಮಾಡುತ್ತದೆ. ಯಾವ ಸಂಖ್ಯೆಗೂ ಮೋಸ ಹೋಗದ, ಬೇಗ ಮುಗಿಯುವ ಪರೀಕ್ಷೆ ಇದೆಯಾ ಅನ್ನುವುದು ಬಹುಕಾಲ ಹಾಗೇ ಉಳಿದಿತ್ತು. ಇದೆ ಅಂತ 2002ರಲ್ಲಿ ತೋರಿಸಿಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಿನ್ನೂ ವಿದ್ಯಾರ್ಥಿಗಳು. ತರಗತಿಯಲ್ಲಿ ಇದನ್ನು ಹೇಳುವಾಗೆಲ್ಲ ನನಗೆ ಗಂಟಲು ತುಂಬಿ ಬರುತ್ತದೆ.

ಈ ಎರಡು ಕೆಲಸಗಳ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. 2ನ್ನು 67 ಸಲ ಗುಣಿಸಿ 1 ಕಳೆದರೆ ಬರುವುದು 147573952589676412927. ಇದು ಅವಿಭಾಜ್ಯ ಅಂತ 1644ರಲ್ಲಿ ಮರ್ಸೆನ್ ಎಂಬ ಗಣಿತಜ್ಞರು ಹೇಳಿದ್ದರು. ಅಲ್ಲ ಅಂತ 1876ರಲ್ಲಿ ಲೂಕಾ ಸಾಧಿಸಿದರು, ಆದರೆ ತುಂಡುಗಳು ಅವರಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಒಂದು ಸಭೆಯಲ್ಲಿ ಎದ್ದು, ಒಂದು ಮಾತೂ ಆಡದೆ, ಹಲಗೆಯ ಒಂದು ಕಡೆ ಈ ಸಂಖ್ಯೆ ಬರೆದು ಇನ್ನೊಂದು ಕಡೆ 193707721 × 761838257287 ಅಂತ ಬರೆದು ಕೈಯಲ್ಲೇ ಗುಣಿಸಿ, ಎರಡೂ ಒಂದೇ ಅಂತ ತೋರಿಸಿ ಹೋಗಿ ಕೂತರಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಎಷ್ಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಅಂದರಂತೆ. ಕಟ್ಟಿ ತೋರಿಸಲು ಕೆಲವು ನಿಮಿಷ, ಬಿಚ್ಚಲು ಮೂರು ವರ್ಷ.

ಶಿರಸಿಯ ಸಂಖ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೂ ಬಾಕಿ ಇದೆ. ಅಡಿಕೆಯನ್ನು ಒಂದೇ ಆಯತವಾಗಿ ಹರವುವ ಬದಲು ಎರಡು ಚೌಕ ಮಾಡಬಹುದಾ? ಉದ್ದ ಅಗಲ ಸಮ ಇರುವ ಎರಡು ಚೌಕ, ಒಂದು ಅಡಿಕೆಯೂ ಉಳಿಯಬಾರದು.

ಕುಮಟಾದ್ದು ಆಗುವುದಿಲ್ಲ. ಯಾವ ವರ್ಗವನ್ನು 4ರಿಂದ ಭಾಗಿಸಿದರೂ 0 ಅಥವಾ 1 ಉಳಿಯುತ್ತದೆ. ಎರಡು ವರ್ಗ ಕೂಡಿದರೆ 0, 1 ಅಥವಾ 2. ಯಾವತ್ತೂ 3 ಉಳಿಯುವುದಿಲ್ಲ. 581343ಕ್ಕೆ 3 ಉಳಿಯುತ್ತದೆ, ಮುಗಿಯಿತು. ಕಾರವಾರಕ್ಕೆ 1 ಉಳಿಯುತ್ತದೆ, ಆ ಬಾಗಿಲು ದಾಟಿತು, ಆದರೆ ಒಳಗಿರುವ 7 ತಡೆಯುತ್ತದೆ. ವರ್ಗಗಳನ್ನು 7ರಿಂದ ಭಾಗಿಸಿದರೆ 0, 1, 2, 4 ಇಷ್ಟೇ ಶೇಷಗಳು ಬರುತ್ತವೆ. ಇವುಗಳಲ್ಲಿ ಎರಡನ್ನು ಕೂಡಿ 7 ಮಾಡಲು ಆಗುವುದಿಲ್ಲ. ಹಾಗಾಗಿ ಎರಡು ವರ್ಗಗಳ ಮೊತ್ತ 7ರಿಂದ ಭಾಗ ಹೋಗಬೇಕಾದರೆ ಎರಡೂ ಬೇರೆ ಬೇರೆಯಾಗಿಯೇ ಹೋಗಬೇಕು, ಆಗ ಮೊತ್ತದಲ್ಲಿ 7 ಎರಡು ಸಲ ಇರುತ್ತದೆ. ಕಾರವಾರದಲ್ಲಿ 7 ಒಂದೇ ಸಲ ಇದೆ. ಆಗಲ್ಲ.

ಶಿರಸಿ ಆಗುತ್ತದೆ. 421 ಮತ್ತು 1381 ಎರಡಕ್ಕೂ 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಂಥ ಅವಿಭಾಜ್ಯಗಳೆಲ್ಲ ಎರಡು ವರ್ಗಗಳ ಮೊತ್ತ ಅಂತ ಫರ್ಮಾ ಹೇಳಿದ್ದರು, ಹದಿನೆಂಟನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞರು ಸಾಧಿಸಿದರು. 421 ಅಂದರೆ 15ರ ವರ್ಗ ಮತ್ತು 14ರ ವರ್ಗ. 1381 ಅಂದರೆ 34ರ ವರ್ಗ ಮತ್ತು 15ರ ವರ್ಗ. ಇವೆರಡನ್ನೂ ಗುಣಿಸಿದಾಗ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ಬ್ರಹ್ಮಗುಪ್ತರು 628ರಲ್ಲಿ ಬರೆದ ಬ್ರಹ್ಮಸ್ಫುಟಸಿದ್ಧಾಂತದಲ್ಲಿದೆ. ಅಲ್ಲಿ ಅದು ಇನ್ನೂ ವಿಸ್ತಾರವಾದ ರೂಪದಲ್ಲಿದೆ, ನಮಗೆ ಬೇಕಾದಷ್ಟು ತೆಗೆದುಕೊಂಡರೆ: ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದೇ ಮೊತ್ತದಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ.

ಮಾಡಿ ನೋಡೋಣ. 15 × 34 ಅಂದರೆ 510. 14 × 15 ಅಂದರೆ 210. ಕೂಡಿದರೆ 720, ಕಳೆದರೆ 300. ಇನ್ನು 14 × 34 ಅಂದರೆ 476, 15 × 15 ಅಂದರೆ 225. ಕೂಡಿದರೆ 701, ಕಳೆದರೆ 251. ಈಗ ಅಡ್ಡಡ್ಡ ಜೋಡಿಸಿ. 720ರ ವರ್ಗ 518400, 251ರ ವರ್ಗ 63001, ಮೊತ್ತ 581401. 300ರ ವರ್ಗ 90000, 701ರ ವರ್ಗ 491401, ಮೊತ್ತ ಮತ್ತೆ 581401. ಒಂದಲ್ಲ, ಎರಡು ರೀತಿ! ಇದನ್ನು ಬರೆದು ಮುಗಿಸಿದಾಗ ರಾತ್ರಿ ಹನ್ನೊಂದಾಗಿತ್ತು, ಎಬ್ಬಿಸಿ ಹೇಳೋಣ ಅಂದರೆ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಇದರಲ್ಲಿ ಇನ್ನೂ ಒಂದು ಗುಟ್ಟು ಇದೆ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳಾಗಿ ಬರೆಯಲು ಒಂದೇ ದಾರಿ ಇರುತ್ತದೆ. ಎರಡು ದಾರಿ ಸಿಕ್ಕಿತು ಅಂದರೆ ಸಂಖ್ಯೆ ಒಡೆಯುತ್ತದೆ ಅಂತ ಅರ್ಥ, ಅಷ್ಟೇ ಅಲ್ಲ, ಆ ಎರಡು ದಾರಿಯಿಂದಲೇ ತುಂಡುಗಳನ್ನು ಹೊರಗೆ ತೆಗೆಯಬಹುದು ಅಂತ ಆಯ್ಲರ್ ತೋರಿಸಿದರು. ಬೆಸ ಸಂಖ್ಯೆಗಳು 701 ಮತ್ತು 251, ವ್ಯತ್ಯಾಸ 450. ಸಮ ಸಂಖ್ಯೆಗಳು 720 ಮತ್ತು 300, ವ್ಯತ್ಯಾಸ 420. ಈ ಎರಡಕ್ಕೂ ಭಾಗ ಹೋಗುವ ಅತಿ ದೊಡ್ಡ ಸಂಖ್ಯೆ 30. 450ನ್ನು 30ರಿಂದ ಭಾಗಿಸಿದರೆ 15, 420ನ್ನು ಭಾಗಿಸಿದರೆ 14. ಇವುಗಳ ವರ್ಗ ಕೂಡಿ: 225 ಮತ್ತು 196, ಸೇರಿ 421. ಎಂಬತ್ತೆರಡು ಅವಿಭಾಜ್ಯಗಳನ್ನು ಹಚ್ಚಿ ನೋಡಿ ಸಿಕ್ಕ ತುಂಡು, ಎರಡು ಕಳೆಯುವ ಲೆಕ್ಕದಲ್ಲಿ ಸಿಕ್ಕಿತು. ಆ ಎರಡು ಜೋಡಿ ವರ್ಗಗಳನ್ನು ಮೊದಲೇ ಹುಡುಕಿಕೊಳ್ಳಬೇಕು, ಅದಕ್ಕೂ ಶ್ರಮ ಇದೆ, ನಿಜ. ಆದರೂ ಒಂದೇ ಸಂಖ್ಯೆಗೆ ಒಳಗೆ ಹೋಗುವ ಬಾಗಿಲು ಎಷ್ಟೊಂದು!

ಮರುದಿನ ತಂಗಿ ಮನೆಗೆ ಫೋನ್ ಮಾಡಿ ಹುಡುಗಿಗೆ 421 × 1381 ಅಂತ ಹೇಳಿದೆ. ಗುಣಿಸಿ ನೋಡಿದಳು, ಸರಿ ಬಂತು. "ಯಲ್ಲಾಪುರದ್ದು ನಾನೇ ಒಡೀತೆ" ಅಂದಳು. ಅಲ್ಲಿ ಅವಳ ಗೆಳತಿ ಇದ್ದಾಳೆ, 581359. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. 67ಕ್ಕೆ ಹೋಯಿತಂತೆ, 8677 ಉಳಿಯಿತಂತೆ. "ಅದೂ ಒಡೀತನಾ ನೋಡಿದ್ಯಾ?" ಅಂತ ಕೇಳಿದೆ. 89ರವರೆಗೆ ಎಲ್ಲ ಹಚ್ಚಿ ನೋಡಿದ್ದಳು. ಒಡೆಯಲಿಲ್ಲವಂತೆ.